ಎಕ್ಸ್ ಅಂದ್ರೆ ಏನು ಸಾರ್?

ಗಡಿಯ ಈಚೆ, ತಮಿಳುನಾಡಿನಲ್ಲಿ, ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರಿಗೆ ಕಂಪ್ಯೂಟರ್ ಪ್ರೋಗ್ರಾಮಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನಮ್ಮಲ್ಲಿ ಹತ್ತನೇ ಕ್ಲಾಸು ಮುಗಿಸಿದ ಮಕ್ಕಳು ಮುಂದೆ ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೇ ಹೋಗಬೇಕು. ಅಲ್ಲಿ ಕಂಪ್ಯೂಟರ್ ಸೈನ್ಸ್ ತಗೊಂಡವರಿಗೆ ಪೈಥಾನ್ ಎದುರಾಗುತ್ತದೆ. 2019ರಲ್ಲಿ ಬಂದ ಹನ್ನೆರಡನೇ ತರಗತಿಯ ಪುಸ್ತಕದಲ್ಲಿ ಇರುವುದು ಅದೇ. ಅರ್ಥವಾಗದಿದ್ದಾಗ ಹಳೇ ಮೇಷ್ಟ್ರ ನೆನಪಾಗುತ್ತದೆ. ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ಎರಡು ಜೊತೆ ಚಪ್ಪಲಿ ಕಂಡರೆ ಸಾಕು, ಇವತ್ತು ಪೈಥಾನ್ ಪಾಠ ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ!

ಬೀಜಗಣಿತದ ಮೊದಲ ದಿನ ಎಲ್ಲ ಮಕ್ಕಳೂ ಕೇಳುವ ಪ್ರಶ್ನೆ ಒಂದೇ. "ಎಕ್ಸ್ ಅಂದ್ರೆ ಏನು ಸಾರ್?" ಅದೇ ಮಕ್ಕಳು ಪ್ರೋಗ್ರಾಮ್ ಬರೆಯಲು ಕೂತಾಗ ಆ ಪ್ರಶ್ನೆಯನ್ನು ಮರೆತೇಬಿಡುತ್ತಾರೆ. ಎ, ಬಿ, ಸಿ, ಎಕ್ಸ್, ಎಕ್ಸ್1, ಎಕ್ಸ್2... ಹೀಗೇ ಹೆಸರಿಡುತ್ತಾ ಹೋಗುತ್ತಾರೆ. ವೇರಿಯಬಲ್ ಅಂದರೆ ಅಡುಗೆಮನೆಯ ಡಬ್ಬಿ ಇದ್ದ ಹಾಗೆ. ಡಬ್ಬಿಯ ಮೇಲೆ ಬರೆದ ಚೀಟಿ ಅದರ ಹೆಸರು, ಒಳಗೆ ಹಾಕಬಹುದಾದ ಪದಾರ್ಥದ ಜಾತಿ ಅದರ ಟೈಪು. ಚೀಟಿ ಇಲ್ಲದ ಎರಡು ಡಬ್ಬಿಗಳಲ್ಲಿ ಒಂದರಲ್ಲಿ ಉಪ್ಪು, ಇನ್ನೊಂದರಲ್ಲಿ ಸಕ್ಕರೆ ಇದ್ದರೆ ಏನಾಗುತ್ತದೆ ಅಂತ ಅಮ್ಮಂದಿರನ್ನು ಕೇಳಿ.

ಈ ಹೆಸರು, ಟೈಪುಗಳ ವಿಷಯ ಹೇಳಲು ನಾನು ದೂರ ಹೋಗುವುದಿಲ್ಲ. ನಮ್ಮ ನೀಲಗಿರಿಯ ಊರ ಹೆಸರುಗಳನ್ನೇ ನೋಡಿ. ಇಲ್ಲಿ ಹೆಸರಿನ ಬಾಲದಲ್ಲೇ ಟೈಪು ಕೂತಿದೆ. ಹಟ್ಟಿ ಅಂದರೆ ಬಡಗರ ಊರು, ಮಂದು ಅಂದರೆ ತೋಡರ ನೆಲೆ, ಬೆಟ್ಟ ಅಂದರೆ ಬೆಟ್ಟ, ಹಳ್ಳ ಅಂದರೆ ಹಳ್ಳ. ದೊಡ್ಡಬೆಟ್ಟ ಅನ್ನುವ ಹೆಸರಿಗೆ ವಿವರಣೆ ಬೇಕೇ? ಮಸಿನಗುಡಿ ಅಂದ ಕೂಡಲೇ ಅಲ್ಲೊಂದು ಗುಡಿ ಇದೆ ಅಂತ ಕನ್ನಡ ಬಲ್ಲ ಯಾರಿಗಾದರೂ ತಿಳಿಯುತ್ತದೆ.

ಆದರೆ ಬಾಯಿಂದ ಬಾಯಿಗೆ, ಭಾಷೆಯಿಂದ ಭಾಷೆಗೆ ಹೋಗುವಾಗ ಈ ಬಾಲ ಸವೆಯುತ್ತದೆ. ತಮಿಳಿನಲ್ಲಿ ಹಕಾರ ನಿಲ್ಲುವುದು ಕಷ್ಟ, ಹಾಗಾಗಿ ಹಟ್ಟಿಗಳು ಅಟ್ಟಿಗಳಾದವು. ತುಮ್ಮನಟ್ಟಿ, ಅದಿಕರಟ್ಟಿ ಅಂತ ಬೋರ್ಡಿನಲ್ಲಿ ಓದಿದ ಹೊಸಬರಿಗೆ ಅದರೊಳಗೊಂದು ಹಟ್ಟಿ ಇದೆ ಅಂತ ಗೊತ್ತೇ ಆಗುವುದಿಲ್ಲ. ಊಟಿಯದು ಇನ್ನೂ ದೊಡ್ಡ ಕಥೆ. ಬ್ರಿಟಿಷರ ಬಾಯಲ್ಲಿ ಅದು ಊಟಕಮಂಡ್ ಆದಾಗ ಕೊನೆಯ 'ಮಂಡ್' ನಮ್ಮ ಮಂದು. ಬಾಲ ಕತ್ತರಿಸಿದರು, ಊಟಿ ಉಳಿಯಿತು. ಈಗಿನ ಸರ್ಕಾರಿ ಹೆಸರು ಉದಗಮಂಡಲಂ, ಅಂದರೆ ಮಂದು ಹೋಗಿ ಮಂಡಲ ಬಂತು. ರೈಲ್ವೆಯವರ ಲೆಕ್ಕದಲ್ಲಿ ಅದೇ ಸ್ಟೇಷನ್ನು ಯುಎಎಂ ಅನ್ನುವ ಮೂರು ಅಕ್ಷರ. ಊರು ಒಂದೇ, ಹೆಸರು ನಾಲ್ಕು. ತೋಡರ ಎಮ್ಮೆಗಳಿದ್ದ ಒಂದು ಮಂದು ಅದು ಅನ್ನುವ ಸಂಗತಿ ಈ ಯಾವ ಗಿಡ್ಡ ಹೆಸರಿನಲ್ಲೂ ಇಲ್ಲ.

ಗೂಡಲೂರಿನದು ಬೇರೆ ಥರದ ತೊಂದರೆ. ಥೇಣಿ ಜಿಲ್ಲೆಯಲ್ಲೂ ಒಂದು ಗೂಡಲೂರು ಇದೆ, ಕೊಯಮತ್ತೂರು ಜಿಲ್ಲೆಯಲ್ಲೂ ಇದೆ. ನಾವು ನಾವೇ ಮಾತಾಡುವಾಗ ಗೂಡಲೂರು ಅಂದರೆ ಸಾಕು. ಚೆನ್ನೈಗೆ ಕಾಗದ ಬರೆಯುವಾಗ ನೀಲಗಿರಿ ಗೂಡಲೂರು ಅನ್ನಲೇಬೇಕು. ಪ್ರೋಗ್ರಾಮಿನಲ್ಲೂ ಇದೇ ನಿಯಮ. ಐದು ಸಾಲಿನ ಒಳಗೆ ಹುಟ್ಟಿ ಅಲ್ಲೇ ಸಾಯುವ ವೇರಿಯಬಲ್‌ಗೆ ಗಿಡ್ಡ ಹೆಸರು ನಡೆಯುತ್ತದೆ. ಐನೂರು ಸಾಲು ಓಡಾಡುವ ವೇರಿಯಬಲ್‌ಗೆ ಪೂರ್ತಿ ವಿಳಾಸ ಬೇಕು.

*

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹೆಸರು ಸರಿಯಿಲ್ಲದಿದ್ದರೆ ಆಗುವುದು ಬರೀ ಗೊಂದಲವಲ್ಲ. ಒಂದು ಮನೆಯೇ ಮುರಿಯಬಹುದಿತ್ತು. ಅದನ್ನು ಹೇಳುತ್ತೇನೆ.

ನನ್ನ ಹಳೇ ವಿದ್ಯಾರ್ಥಿಯೊಬ್ಬನ ಮನೆಯವರಿಗೆ ಗಡಿಯ ಎರಡೂ ಕಡೆ ಜಮೀನಿದೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಎರಡು ತುಂಡು ಹೊಲ, ಗೂಡಲೂರು ಕಡೆ ಒಂದು ತುಂಡು ಟೀ ತೋಟ. ತಾತ ಹೋದ ಮೇಲೆ ಅಪ್ಪ, ಚಿಕ್ಕಪ್ಪ, ಅತ್ತೆ ಮೂವರಿಗೂ ಸಮಪಾಲು ಅಂತ ಮಾತಾಯಿತು. ಲೆಕ್ಕ ಮಾಡುವ ಕೆಲಸ ಹುಡುಗನಿಗೆ ಬಂತು. ಪೈಥಾನ್ ಕಲಿತ ಉತ್ಸಾಹ ಬೇರೆ! ಹುಡುಗ ಬರೆದದ್ದು ಹೀಗೆ:

ಎ = 2.20
ಬಿ = 1.30
ಸಿ = 1.50

ಮೂರನ್ನೂ ಕೂಡಿಸಿದ. ಸರಿಯಾಗಿ ಐದು ಎಕರೆ. ಮೂರರಿಂದ ಭಾಗಿಸಿದ. ಒಬ್ಬೊಬ್ಬರಿಗೆ ಸುಮಾರು 1.67 ಎಕರೆ. "ನಿಮ್ಮಿಬ್ಬರ ಪಾಲು ಮೊದಲು ಅಳೆದು ತಗೊಳ್ಳಿ, ಉಳಿದದ್ದು ನನಗಿರಲಿ" ಅಂತ ಅವರಪ್ಪ ದೊಡ್ಡ ಮನಸ್ಸಿನಿಂದ ಹೇಳಿಯೂ ಆಗಿತ್ತು. ಬೇರೇನೋ ಕೆಲಸಕ್ಕೆ ಅವರ ಮನೆಗೆ ಹೋಗಿದ್ದ ನನಗೆ ಹುಡುಗ ಮೊಬೈಲಿನಲ್ಲೇ ಪ್ರೋಗ್ರಾಮ್ ತೋರಿಸಿದ.

"ಎ ಅಂದ್ರೆ ಏನಪ್ಪಾ?" ಅಂದೆ.

"ಗುಂಡ್ಲುಪೇಟೆ ಕಡೆ ದೊಡ್ಡ ಹೊಲ ಸಾರ್."

"2.20 ಅಂದ್ರೆ?"

"ಎರಡು ಎಕರೆ ಇಪ್ಪತ್ತು ಸಾರ್, ಪಹಣಿಯಲ್ಲಿ ಹಂಗೇ ಇದೆ."

"ಇಪ್ಪತ್ತು ಏನು?"

ಹುಡುಗ ಸುಮ್ಮನಾದ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಅಲ್ಲಿಂದಲೇ ಕೂಗಿದರು, "ಗುಂಟೆ ಕಣೋ! ಅದೂ ಗೊತ್ತಿಲ್ವಾ?"

ಇಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಗೊತ್ತಿರುವುದು ಸೆಂಟು. ತಮಿಳುನಾಡಿನಲ್ಲಿ ಒಂದು ಎಕರೆಗೆ 100 ಸೆಂಟು. 1.50 ಅಂದರೆ ಒಂದು ಎಕರೆ 50 ಸೆಂಟು, ಅಂದರೆ ಒಂದೂವರೆ ಎಕರೆ. ದಶಮಾಂಶದ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ಕರ್ನಾಟಕದಲ್ಲಿ ಒಂದು ಎಕರೆಗೆ 40 ಗುಂಟೆ. ಪಹಣಿಯ 2.20 ಅಂದರೆ ಎರಡು ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. 1.30 ಅಂದರೆ ಒಂದೂಮುಕ್ಕಾಲು ಎಕರೆ. ನಡುವೆ ಇರುವ ಚುಕ್ಕಿ ದಶಮಾಂಶದ ಚುಕ್ಕಿಯೇ ಅಲ್ಲ! ಅದು ಎಕರೆ ಮತ್ತು ಗುಂಟೆಯ ನಡುವಿನ ಬೇಲಿ. ನೋಡಲು ಸಂಖ್ಯೆಯ ಹಾಗಿದೆ, ಆದರೆ ಅದು ಎರಡು ಸಂಖ್ಯೆಗಳ ಜೋಡಿ. ಕಂಪ್ಯೂಟರಿಗೆ ಇದು ಹೇಗೆ ಗೊತ್ತಾಗಬೇಕು? ಅದು 2.20 ಅನ್ನು 2.2 ಅಂತ ಮಾಡಿಕೊಂಡು ಸೊನ್ನೆಯನ್ನೂ ನುಂಗಿತು. ಈಗ ಅದು ಇಪ್ಪತ್ತು ಗುಂಟೆಯೋ ಎರಡು ಗುಂಟೆಯೋ ಅಂತ ಯಾರೂ ಹೇಳಲಾರರು.

ಕೂತು ಹೊಸದಾಗಿ ಬರೆದೆವು.

ದೊಡ್ಡ_ಹೊಲ_ಗುಂಟೆ = 2 * 40 + 20
ಚಿಕ್ಕ_ಹೊಲ_ಗುಂಟೆ = 1 * 40 + 30
ಟೀ_ತೋಟ_ಸೆಂಟು = 150

ದೊಡ್ಡ ಹೊಲ 100 ಗುಂಟೆ, ಚಿಕ್ಕದು 70, ಒಟ್ಟು 170. ಒಂದು ಗುಂಟೆಗೆ ಎರಡೂವರೆ ಸೆಂಟು, ಹಾಗಾಗಿ 425 ಸೆಂಟು. ಟೀ ತೋಟದ 150 ಸೇರಿದರೆ 575 ಸೆಂಟು. ಅಂದರೆ ಐದು ಎಕರೆ ಅಲ್ಲ, ಐದೂಮುಕ್ಕಾಲು ಎಕರೆ. ಮುಕ್ಕಾಲು ಎಕರೆ ಒಂದು ಚುಕ್ಕಿಯಲ್ಲಿ ಮಾಯವಾಗಿತ್ತು.

ಮುಂದಿನದನ್ನು ಸ್ವಲ್ಪ ಯೋಚಿಸಿ. ಮಾಯವಾದದ್ದು ಕಾಗದದಲ್ಲಿ ಮಾತ್ರ, ಭೂಮಿ ಅಲ್ಲೇ ಇದೆ. ಚಿಕ್ಕಪ್ಪ, ಅತ್ತೆ ಇಬ್ಬರೂ 1.67ರ ಲೆಕ್ಕದಲ್ಲಿ ಅಳೆದು ತಗೊಂಡಿದ್ದರೆ, "ಉಳಿದದ್ದು ನನಗೆ" ಅಂದ ಅಪ್ಪನಿಗೆ ಸುಮಾರು 2.42 ಎಕರೆ ಉಳಿಯುತ್ತಿತ್ತು. ಯಾವತ್ತೋ ಒಂದು ದಿನ ಸರ್ವೆಯವರು ಬಂದು ಸರಪಳಿ ಹಿಡಿದಾಗ ತಂಗಿಯ ಕಣ್ಣಿಗೆ ಅಣ್ಣ ಮೋಸಗಾರನಾಗುತ್ತಿದ್ದ. "ನಿನ್ನ ಮಗನ ಕೈಲಿ ಕಂಪ್ಯೂಟರ್ ಲೆಕ್ಕ ಹಾಕಿಸಿ ನಮ್ಮನ್ನು ಯಾಮಾರಿಸಿದೆ" ಅನ್ನುವ ಮಾತು ಒಮ್ಮೆ ಬಂದರೆ ಅದನ್ನು ಯಾವ ಪ್ರೋಗ್ರಾಮಿನಿಂದ ಸರಿಪಡಿಸುತ್ತೀರಿ? ಹುಡುಗನ ಕೂಡುವಿಕೆ ತಪ್ಪಿರಲಿಲ್ಲ, ಭಾಗಾಕಾರ ತಪ್ಪಿರಲಿಲ್ಲ. ಎ, ಬಿ, ಸಿ ಅನ್ನುವ ಹೆಸರುಗಳಲ್ಲಿ ಗುಂಟೆ, ಸೆಂಟು ಅಂತ ಹೇಳಲು ಜಾಗವೇ ಇರಲಿಲ್ಲ, ಅಷ್ಟೆ. 'ದೊಡ್ಡ_ಹೊಲ_ಗುಂಟೆ' ಮತ್ತು 'ಟೀ_ತೋಟ_ಸೆಂಟು' ಅಂತ ಪಕ್ಕಪಕ್ಕದಲ್ಲಿ ಬರೆದ ಮೇಲೆ ಅವೆರಡನ್ನು ಹಾಗೇ ಕೂಡಿಸಲು ಕೈ ಬರುವುದೇ ಇಲ್ಲ.

ಇದನ್ನು ಹಳ್ಳಿ ಹುಡುಗನ ಎಡವಟ್ಟು ಅಂತ ನಗಬೇಡಿ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ನಾಶವಾಗಿದ್ದು ಇದೇ ಕಾರಣಕ್ಕೆ. ನೆಲದ ಮೇಲಿನ ಒಂದು ಪ್ರೋಗ್ರಾಮ್ ಪೌಂಡಿನ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ತೆಗೆದುಕೊಂಡವರು ನ್ಯೂಟನ್ ಅಂದುಕೊಂಡರು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ಅಲ್ಲೂ ಅಂಕಿ ಸರಿಯಿತ್ತು, ಅದರ ಜೊತೆ ಬರಬೇಕಾದ ಅಳತೆಯ ಹೆಸರು ಬರಲಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟು ಹಾರಿದ ಒಂದು ನಿಮಿಷದೊಳಗೆ ಚೂರಾಯಿತು. ಅದು ಟೈಪಿನ ಪಾಠ. 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸದ ಪುಟ್ಟ ಡಬ್ಬಿಗೆ ದೊಡ್ಡ ಸಂಖ್ಯೆಯೊಂದನ್ನು ತುರುಕಲು ಹೋಗಿತ್ತು ಅದರ ಪ್ರೋಗ್ರಾಮ್.

*

ಟೈಪಿನ ವಿಷಯ ಬಂತಲ್ಲ, ಮಕ್ಕಳಿಗೆ ನಾನು ಕೇಳುವ ಒಂದು ಪ್ರಶ್ನೆ ಇದೆ. ಊಟಿಯ ಎಸ್‌ಟಿಡಿ ಕೋಡು 0423. ಇದು ಸಂಖ್ಯೆಯೋ, ಅಲ್ಲವೋ?

"ಸಂಖ್ಯೆ ಸಾರ್" ಅಂತ ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಹಾಗಾದರೆ ಊಟಿಯ 0423ಕ್ಕೆ ಗೂಡಲೂರಿನ 04262 ಕೂಡಿಸಿದರೆ ಏನು ಬರುತ್ತದೆ? ಆಗ ನಗು. ಮಸಿನಗುಡಿಯ ಪಿನ್ ಕೋಡ್ 643223, ಊಟಿಯದು 643001. ಎರಡರ ಸರಾಸರಿ ತೆಗೆದರೆ ಯಾವ ಊರು ಸಿಗುತ್ತದೆ? ಇನ್ನೂ ನಗು. ಕೂಡಿಸಲು, ಕಳೆಯಲು, ಸರಾಸರಿ ತೆಗೆಯಲು ಅರ್ಥವಿಲ್ಲದ್ದು ಅಂಕಿಯಲ್ಲಿ ಬರೆದರೂ ಸಂಖ್ಯೆಯಲ್ಲ, ಅದು ಹೆಸರು. ಅದನ್ನು ಸ್ಟ್ರಿಂಗ್ ಆಗಿ ಇಡಬೇಕು. ಸಂಖ್ಯೆ ಅಂತ ಇಟ್ಟರೆ 0423 ಅನ್ನುವುದು 423 ಆಗಿ ಮುಂದಿನ ಸೊನ್ನೆ ಹೋಗುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ನಂಬರನ್ನು ಎಕ್ಸೆಲ್‌ನಲ್ಲಿ ಸಂಖ್ಯೆಯಾಗಿ ಹಾಕಿ ನೋಡಿ, ಕೊನೆಯ ಅಂಕಿ ಸೊನ್ನೆಯಾಗಿ ಕೂತಿರುತ್ತದೆ. ಯಾಕೆಂದರೆ ಅದು ನೆನಪಿಡುವುದು 15 ಅಂಕಿ ಮಾತ್ರ. ಟೀ ಎಲೆಯ ದುಡ್ಡು ಯಾರ ಖಾತೆಗೆ ಹೋಗಬೇಕು, ಯಾರ ಖಾತೆಗೆ ಹೋದೀತು!

ಇನ್ನೊಂದು ತಮಾಷೆ. ಊಟಿಯಿಂದ ಕಲ್ಹಟ್ಟಿ ಮೇಲೆ ಮಸಿನಗುಡಿಗೆ ಇಳಿಯುವ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಮೂವತ್ತಾರರಲ್ಲಿ ಐದನೆಯದು ಅನ್ನಲು 5/36 ಅಂತ ಎಕ್ಸೆಲ್‌ನಲ್ಲಿ ಹೊಡೆದರೆ ಅದು 1936ರ ಮೇ ತಿಂಗಳಾಗುತ್ತದೆ! ಹನ್ನೆರಡನೇ ತಿರುವಿನವರೆಗೂ ಹೀಗೆ ತಿಂಗಳುಗಳು. ಹದಿಮೂರನೆಯದು ಬಂದಾಗ ಹದಿಮೂರನೇ ತಿಂಗಳು ಇಲ್ಲದ್ದರಿಂದ 13/36 ಅಂತಲೇ ಉಳಿಯುತ್ತದೆ. ಒಂದೇ ಪಟ್ಟಿಯಲ್ಲಿ ಅರ್ಧ ತಾರೀಖು, ಅರ್ಧ ಅಕ್ಷರ. ವಿಜ್ಞಾನಿಗಳೂ ಇದರಿಂದ ಸಾಕಾಗಿಹೋಗಿದ್ದರು. ಮನುಷ್ಯನ ಕೆಲವು ಜೀನ್‌ಗಳಿಗೆ ಮಾರ್ಚ್1, ಸೆಪ್ಟ್1 ಅಂತ ಹೆಸರಿತ್ತು, ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿತ್ತು. 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು, ಒಂದು ಮಾರ್ಚ್‌ಎಫ್1 ಆಯಿತು, ಇನ್ನೊಂದು ಸೆಪ್ಟಿನ್1 ಆಯಿತು. ಎಕ್ಸೆಲ್ ಬದಲಾಗುವ ಮೊದಲು ಜೀನ್ ಬದಲಾಯಿತು ನೋಡಿ!

ದುಡ್ಡಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.3 ಬರುವುದಿಲ್ಲ, 0.30000000000000004 ಬರುತ್ತದೆ. ಕಂಪ್ಯೂಟರ್ ಎಲ್ಲವನ್ನೂ ಎರಡರ ಲೆಕ್ಕದಲ್ಲಿ ಇಡುವುದರಿಂದ ಹತ್ತರ ಕೆಲವು ಭಿನ್ನರಾಶಿಗಳು ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ದುಡ್ಡನ್ನು ಪೈಸೆಯಲ್ಲಿ, ಭೂಮಿಯನ್ನು ಗುಂಟೆಯಲ್ಲೋ ಸೆಂಟಿನಲ್ಲೋ ಪೂರ್ಣಾಂಕವಾಗಿ ಇಟ್ಟುಕೊಂಡು, ಕೊನೆಯಲ್ಲಿ ತೋರಿಸುವಾಗ ಮಾತ್ರ ರೂಪಾಯಿ, ಎಕರೆ ಮಾಡುವುದು ಒಳ್ಳೆಯದು.

*

ಮನುಷ್ಯರ ಹೆಸರಿನ ಕಥೆ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ನಮ್ಮ ಕಡೆ ಹೆಚ್ಚಿನ ಮಕ್ಕಳಿಗೆ ಸರ್‌ನೇಮ್ ಇಲ್ಲ. ಅಪ್ಪನ ಹೆಸರಿನ ಮೊದಲ ಅಕ್ಷರ ಇನಿಷಿಯಲ್ ಆಗಿ ಮುಂದೆ ಬರುತ್ತದೆ, ಅಷ್ಟೆ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಿಂದ (ಹೆಸರು ಬೇಡ) ಮಕ್ಕಳ ವಿವರ ತುಂಬುವ ಪಟ್ಟಿ ಬಂತು. ಅದರಲ್ಲಿ ಒಂದು ಕಾಲಮ್ಮಿನ ತಲೆಬರಹ ಇಂಗ್ಲಿಷಿನಲ್ಲಿ 'ಎಫ್‌ನೇಮ್'. ಪಟ್ಟಿ ಮಾಡಿದವರ ಮನಸ್ಸಿನಲ್ಲಿ ಅದು ಫಸ್ಟ್ ನೇಮ್. ತುಂಬಿದ ಗುಮಾಸ್ತರು ಅದನ್ನು ಫಾದರ್ ನೇಮ್ ಅಂತ ಓದಿದರು. ಅವರನ್ನು ಹೇಗೆ ದೂರುತ್ತೀರಿ? ನಮ್ಮ ಎಲ್ಲ ಅರ್ಜಿಯಲ್ಲೂ ಅಪ್ಪನ ಹೆಸರು ಕೇಳಿಯೇ ಕೇಳುತ್ತಾರೆ.

ಕೊನೆಗೆ ಒಂದು ಹುಡುಗಿಯ ಕೈಗೆ ಬಂದ ಕಾಗದದಲ್ಲಿ ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ ಅವರಪ್ಪನ ಹೆಸರು. ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಕಾಗದ ಬೇಕಿತ್ತು. ತಿದ್ದಿಸಲು ಅಪ್ಪ, ಮಗಳು ಎರಡು ಸಲ ಬಸ್ಸು ಹತ್ತಿ ಊಟಿಗೆ ಹೋಗಿಬಂದರು. ಎರಡು ದಿನದ ಕೂಲಿ ಹೋಯಿತು. ಕೊನೆಯ ದಿನಕ್ಕೆ ಮುಂಚೆ ಕೆಲಸವಾಯಿತು ಅನ್ನುವುದೇ ಪುಣ್ಯ. ಅವರು ಬಸ್ಸಿನಲ್ಲಿ ಕೂತು ಬೆಟ್ಟ ಹತ್ತಿಳಿದದ್ದು ಯಾರೋ ಐದಾರು ಅಕ್ಷರ ಉಳಿಸಲು ಹೋದದ್ದಕ್ಕೆ. 'ವಿದ್ಯಾರ್ಥಿ_ಹೆಸರು', 'ತಂದೆ_ಹೆಸರು' ಅಂತ ಇಟ್ಟಿದ್ದರೆ ಈ ಪಾಡು ಇರುತ್ತಿತ್ತೇ?

ಇನ್ನೊಂದು ಮಾತು. ಹೆಸರನ್ನೇ ಗುರುತಾಗಿ ಇಟ್ಟುಕೊಂಡು ಪ್ರೋಗ್ರಾಮ್ ಬರೆಯಬೇಡಿ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ನಮ್ಮ ಗಿರಿಜ ತಮಿಳಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಕಿರಿಜ ಆಗಿರುತ್ತಾಳೆ. ಒಬ್ಬಳೇ ಹುಡುಗಿ, ಕಂಪ್ಯೂಟರಿನ ಕಣ್ಣಿಗೆ ಇಬ್ಬರು. ಅದಕ್ಕೇ ಪ್ರತಿ ಮಗುವಿಗೂ ಬೇರೆ ಗುರುತಿನ ನಂಬರ್ ಇರಬೇಕು. ಆ ನಂಬರನ್ನು ಸ್ಟ್ರಿಂಗ್ ಆಗಿಯೇ ಇಡಬೇಕು ಅಂತ ಈಗ ನಿಮಗೆ ಹೇಳಬೇಕಾಗಿಲ್ಲ.

*

ಮೇಲೆ ಕನ್ನಡದಲ್ಲೇ ವೇರಿಯಬಲ್ ಹೆಸರು ಬರೆದಿದ್ದೀನಲ್ಲ, ಅದು ನಿಜಕ್ಕೂ ಓಡುತ್ತದಾ ಅಂತ ಕೆಲವರಿಗೆ ಅನುಮಾನ ಇರಬಹುದು. ಓಡುತ್ತದೆ ಸ್ವಾಮಿ! 2008ರಲ್ಲಿ ಬಂದ ಪೈಥಾನ್ 3ರಿಂದ ಕನ್ನಡ ಅಕ್ಷರಗಳಲ್ಲಿ ವೇರಿಯಬಲ್‌ಗೆ ಹೆಸರಿಡಬಹುದು. ಒಂದೆರಡು ಎಚ್ಚರಿಕೆ ಸಾಕು. ಹೆಸರಿನ ನಡುವೆ ಜಾಗ ಬಿಡಬೇಡಿ, ಅಂಡರ್‌ಸ್ಕೋರ್ ಹಾಕಿ. ಹೆಸರು ಅಂಕಿಯಿಂದ ಶುರುವಾಗಬಾರದು. 'ಪಿನ್‌ಕೋಡ್' ಅಂತ ಅರ್ಧಾಕ್ಷರವನ್ನು ಬಿಡಿಸಿ ಬರೆಯಲು ನಾವು ಒತ್ತುವ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆಯಲ್ಲ, ಅದನ್ನು ಪೈಥಾನ್ ಒಪ್ಪುವುದಿಲ್ಲ. 'ಪಿನ್_ಕೋಡ್' ಅಂತ ಬರೆದರೆ ಸುಮ್ಮನೆ ಒಪ್ಪುತ್ತದೆ. ಹಾಗೇ 'ಕನ್ನಡ' ಅನ್ನುವ ಪದದ ಉದ್ದ ಕೇಳಿದರೆ ಪೈಥಾನ್ 5 ಅನ್ನುತ್ತದೆ, ನಾವು ಎಣಿಸುವ ಮೂರಲ್ಲ. ಒತ್ತಕ್ಷರದ ಒಳಗಿನ ವಿರಾಮ ಚಿಹ್ನೆಯನ್ನೂ ಅದು ಬಿಡಿಯಾಗಿ ಲೆಕ್ಕಕ್ಕೆ ಹಿಡಿಯುತ್ತದೆ.

ಹಾಗಂತ ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ ಅಂತ ನಾನು ಹಟ ಹಿಡಿಯುವುದಿಲ್ಲ. ನಾಳೆ ಈ ಮಕ್ಕಳು ಕೊಯಮತ್ತೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ಸೇರಿದಾಗ ಪಕ್ಕದಲ್ಲಿ ಕೂತವರಿಗೆ ಕನ್ನಡ ಓದಲು ಬರದೇ ಇರಬಹುದು. ಓದುವವರಿಗೆ ಅರ್ಥವಾಗದ ಹೆಸರು ಯಾವ ಭಾಷೆಯಲ್ಲಿದ್ದರೂ ಎ, ಬಿ, ಸಿಯೇ. ಆದರೆ ಕಲಿಯುವಾಗ ಕನ್ನಡದ ಹೆಸರು ಕೊಡುವುದರಲ್ಲಿ ಒಂದು ದೊಡ್ಡ ಲಾಭವಿದೆ. ಇಂಗ್ಲಿಷಿನಲ್ಲಿ 'ಡೇಟಾ', 'ವ್ಯಾಲ್ಯೂ', 'ಟೆಂಪ್' ಅಂತ ಬರೆದು ಮಕ್ಕಳು ತಪ್ಪಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಹೆಸರಿಡು ಅಂದರೆ ಅದು ಏನು ಅಂತ ಯೋಚಿಸಲೇಬೇಕಾಗುತ್ತದೆ. 'ಎತ್ತರ = 2637' ಅಂತ ಬರೆದ ಹುಡುಗಿಗೆ, ದೊಡ್ಡಬೆಟ್ಟ ಎಷ್ಟು ಎತ್ತರ ಅಂದರೆ "2637 ಅಡಿ" ಅಂದಳು. ಅಡಿಯಾದರೆ ಸುಮಾರು 8650 ಆಗಬೇಕು, ಇದು ಮೀಟರ್ ಕಣಮ್ಮಾ ಅಂದೆ. ತಾನಾಗಿಯೇ 'ಎತ್ತರ_ಮೀಟರ್' ಅಂತ ತಿದ್ದಿಕೊಂಡಳು.

ಗಿಡ್ಡ ಹೆಸರಿನ ಮೇಲೆ ನನಗೆ ದ್ವೇಷವಿಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ರಾಶಿಗಳಿಗೆ ಯಾವತ್ತಾವತ್ ಅಂತಲೂ, ಕಾಲಕ, ನೀಲಕ, ಪೀತಕ ಅಂತ ಬಣ್ಣಗಳ ಹೆಸರನ್ನೂ ಇಟ್ಟು, ಬರೆಯುವಾಗ ಯಾ, ಕಾ, ನೀ ಅಂತ ಮೊದಲ ಅಕ್ಷರ ಮಾತ್ರ ಬಳಸುತ್ತಿದ್ದರು. ನೀಲಗಿರಿಯ ಮಕ್ಕಳಿಗೆ ನೀಲಕ ಅಂದರೆ ಬಲು ಇಷ್ಟ! ಎಕ್ಸ್, ವೈ, ಝಡ್ ಬಂದದ್ದು ಆಮೇಲೆ, 1637ರಲ್ಲಿ ಡೆಕಾರ್ಟ್ ಬರೆದ ಪುಸ್ತಕದಿಂದ. 1957ರ ಫೋರ್ಟ್ರಾನ್ ಭಾಷೆಯಲ್ಲಂತೂ ಹೆಸರು ಐ ಇಂದ ಎನ್ ವರೆಗಿನ ಅಕ್ಷರದಿಂದ ಶುರುವಾದರೆ ಅದು ಪೂರ್ಣಾಂಕ ಅಂತಲೇ ನಿಯಮ. ಹೆಸರಿನಲ್ಲೇ ಟೈಪು, ನಮ್ಮ ಹಟ್ಟಿ, ಮಂದುಗಳ ಹಾಗೆ. ಆದರೆ ಇವರೆಲ್ಲ ಗಿಡ್ಡ ಹೆಸರು ಬಳಸುವ ಮೊದಲು ಇದು ಇಂಥದ್ದು ಅಂತ ಹೇಳಿದ್ದರು. ನಮ್ಮ ಮಕ್ಕಳು ಬಿಟ್ಟುಬಿಡುವುದು ಅದನ್ನೇ.

ಹಾಗಾಗಿ ಈಗ ಭಾನುವಾರದ ಪಾಠಕ್ಕೆ ಬರುವವರಿಗೆ ಮೂರು ಪ್ರಶ್ನೆ ಕಡ್ಡಾಯ. ಇದು ಏನು? ಯಾವ ಅಳತೆಯಲ್ಲಿ? ಇದನ್ನು ಕೂಡಿಸಿದರೆ ಅರ್ಥವಿದೆಯೇ? ಮೊದಲನೆಯದಕ್ಕೆ ಉತ್ತರ ವೇರಿಯಬಲ್‌ನ ಹೆಸರು. ಎರಡನೆಯದು ಆ ಹೆಸರಿನ ಬಾಲ. ಮೂರನೆಯದು ಅದರ ಟೈಪು. ಮೂರಕ್ಕೂ ಉತ್ತರ ಸಿಕ್ಕ ಮೇಲೆ ಕೀಬೋರ್ಡು ಮುಟ್ಟಿ. ಅಷ್ಟು ಮಾಡಿದರೆ ಪ್ರೋಗ್ರಾಮ್ ಬರೆಯುವವರು ಯಾರೇ ಇರಲಿ, ಅದನ್ನು ಮನೆಯ ಅಜ್ಜಿಗೆ ಓದಿ ಹೇಳಬಹುದು. ತಪ್ಪಿದ್ದರೆ ಅಡುಗೆಮನೆಯಿಂದಲೇ ತಿದ್ದುತ್ತಾರೆ.